ಯುದ್ಧಕ್ರೀಡೆಯ ನಿಯಮಗ್ರಂಥಗಳು

ನೆಪೋಲಿಯನ್ನನ ಕಾಲದ ಯುದ್ಧಗಳನ್ನು ಪುಟ್ಟ ಸೇನೆಗಳಿಂದ ಮೇಜಿನ ಮೇಲೆ ಆಡುವವರಿಗೆ ಮೊದಲು ಒದಗುವ ಪ್ರಶ್ನೆಯು ಯಾವ ನಿಯಮಗ್ರಂಥವನ್ನು ಪ್ರಮಾಣವಾಗಿ ಹಿಡಿಯತಕ್ಕುದೆಂಬುದು. ಈ ವಿವಾದದ ಮೂಲವು ಪ್ರಷ್ಯಾ ದೇಶದಲ್ಲಿದೆ.

ಭಾರತದ ಚತುರಂಗವು ಪಾರಸಿಕರ, ಅರಬರ ಮೂಲಕ ಯೂರೋಪನ್ನು ಸೇರಿ, 1780ರಲ್ಲಿ ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಎಂಬವನಿಂದ ಸಾವಿರಕ್ಕೂ ಮಿಕ್ಕ ಮನೆಗಳುಳ್ಳ ಯುದ್ಧಕ್ರೀಡೆಯಾಗಿ ಬೆಳೆಯಿತು. ಮನೆಯಿಂದ ಮನೆಗೆ ನಡೆಯುವ ಕಟ್ಟನ್ನು 1812ರಲ್ಲಿ ಬಿಟ್ಟವನು ಹಿರಿಯ ರೈಸ್‌ವಿಟ್ಸ್. ಫಿರಂಗಿದಳದ ಅಧಿಕಾರಿಯಾದ ಅವನ ಮಗನು 1824ರಲ್ಲಿ ಪ್ರಕಟಿಸಿದ ಗ್ರಂಥವು 1:8000 ಪ್ರಮಾಣದ ನಕ್ಷೆಯನ್ನೂ, ಎರಡೆರಡು ನಿಮಿಷದ ಸರದಿಯನ್ನೂ, ದಾಳಗಳನ್ನೂ, ಮಧ್ಯಸ್ಥನನ್ನೂ ವಿಧಿಸಿತು. ಅದರಲ್ಲಿ ಹೇಳಿದ ಗುಂಡೇಟಿನ ಫಲವು ಬರಿಯ ಊಹೆಯಲ್ಲ. ಷಾರ್ನ್‌ಹಾರ್ಸ್ಟನ ಪರೀಕ್ಷೆಗಳನ್ನು ಆಧರಿಸಿದುದು. ದಂಡನಾಯಕ ಮ್ಯೂಫ್ಲಿಂಗನು ಅದನ್ನು ಮೆಚ್ಚಿ ಸೇನೆಗೆ ಶಿಫಾರಸು ಮಾಡಿದನು. ಆದರೂ ಗ್ರಂಥಕರ್ತನ ಬಾಳು ಸುಖಾಂತವಾಗಲಿಲ್ಲ; 1827ರಲ್ಲಿ ಆತ್ಮಹತ್ಯೆಯನ್ನು ಮಾಡಿಕೊಂಡನು.

ಕೋಷ್ಟಕಗಳ ಭಾರದಿಂದ ಆಟವು ಕುಂಟತೊಡಗಲು, 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಸೇನಾನಿಯು ಅವನ್ನೂ ದಾಳಗಳನ್ನೂ ತೊರೆದು, ಮಧ್ಯಸ್ಥನ ವಿವೇಕವೇ ನಿರ್ಣಾಯಕವೆಂದನು. ಸೂತ್ರವು ಹಿರಿದೋ ವ್ಯಾಖ್ಯಾನಕಾರನು ಹಿರಿಯನೋ ಎಂಬ ಜಗಳವು ಶಾಸ್ತ್ರಜ್ಞರಿಗೆ ಹೊಸದಲ್ಲವಷ್ಟೆ! ವೆರ್ಡಿಯು 1866, 1870ರ ಯುದ್ಧಗಳನ್ನು ಕಂಡವನು. ಅವನ ಮತವು ಅಂಥವರಿಗೇ ಸಲ್ಲುವುದು. ನೆಪೋಲಿಯನ್ನನ ರಣವನ್ನು ಕಂಡ ಮಧ್ಯಸ್ಥನು ಇಂದು ಯಾರೂ ಇಲ್ಲವಾದುದರಿಂದ, ಈಗಿನ ಆಟಗಾರರಿಗೆ ರೈಸ್‌ವಿಟ್ಸನ ಮಾರ್ಗವೇ ಯುಕ್ತವೆನ್ನಬೇಕು. ಕೋಷ್ಟಕವು ತಡಮಾಡಿದರೂ, ಒಂದು ಪಡೆಯು ಏಕೆ ಮುರಿಯಿತೆಂಬುದಕ್ಕೆ ಕಾರಣವನ್ನು ತೋರಿಸಬಲ್ಲುದು.