ಡ್ರೈ ಐಸ್ ಬ್ಲಾಸ್ಟಿಂಗ್: ಹಳೆಯ ಕಾರಿನ ಕೊಳೆ ಬಿಡಿಸುವ ತಣ್ಣನೆಯ ವಿದ್ಯೆ

ಹಳೆಯ ಕಾರೊಂದನ್ನು ಬಿಚ್ಚಿ ಮತ್ತೆ ಕಟ್ಟಲು ಹೊರಟವರ ಮೊದಲ ಜಗಳ ಕೊಳೆಯ ಜೊತೆ. ಮೂವತ್ತು ನಲವತ್ತು ವರ್ಷ ಸೋರಿದ ಆಯಿಲ್, ಅದಕ್ಕೆ ಮೆತ್ತಿಕೊಂಡ ರಸ್ತೆಯ ದೂಳು, ಕಾರ್ಖಾನೆಯಲ್ಲೇ ಬಳಿದ ಡಾಂಬರಿನಂಥ ಅಂಡರ್‌ಕೋಟಿಂಗ್, ಅದರ ಮೇಲೆ ನಡುವಿನ ಯಾವನೋ ಮಾಲೀಕ ಹೊಡೆಸಿದ ಇನ್ನೊಂದು ಪದರ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಮದ್ದು ಸೀಮೆಎಣ್ಣೆ ಅಥವಾ ಡೀಸೆಲ್, ತಂತಿ ಬ್ರಷ್, ಬನಿಯನ್ ವೇಸ್ಟ್, ಕೊನೆಗೆ ಪ್ರೆಷರ್ ಪಂಪಿನ ನೀರು. ಅಮೆರಿಕ ಮತ್ತು ಯುರೋಪಿನ ರೆಸ್ಟೊರೇಶನ್ ಶೆಡ್ಡುಗಳಲ್ಲಿ ಈಚೆಗೆ ಇದೇ ಕೆಲಸಕ್ಕೆ ಡ್ರೈ ಐಸ್ ಬಳಸುವುದು ಹೆಚ್ಚಾಗಿದೆ.

ಘನರೂಪದ ಇಂಗಾಲದ ಡೈಆಕ್ಸೈಡಿನ ಸಣ್ಣ ಚೂರುಗಳನ್ನು ಒತ್ತಡದ ಗಾಳಿಯಲ್ಲಿ ಬೆರೆಸಿ ಕೊಳೆಯ ಮೇಲೆ ಹೊಡೆಯುವುದೇ ಡ್ರೈ ಐಸ್ ಬ್ಲಾಸ್ಟಿಂಗ್. ಮರಳು ಹೊಡೆಯುವ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಇದು ದಾಯಾದಿ. ಆದರೆ ಹೊಡೆದ ಚೂರು ಅಲ್ಲೇ ಅನಿಲವಾಗಿ ಹಾರಿಹೋಗುತ್ತದೆ, ಆಮೇಲೆ ಗುಡಿಸಲು ಮರಳೂ ಇಲ್ಲ, ಒಣಗಿಸಲು ನೀರೂ ಇಲ್ಲ. ವಿಡಿಯೊಗಳಲ್ಲಿ ಕಪ್ಪು ತಳದ ಕಾರು ನಿಮಿಷಗಳಲ್ಲಿ ಹೊಸದಾಗುವುದನ್ನು ಕಂಡವರು ಇದರಿಂದ ಬಣ್ಣ, ತುಕ್ಕು ಎಲ್ಲವೂ ಹೋಗಿ ಬರಿಯ ತಗಡು ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಹಾಗೇನೂ ಆಗುವುದಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದೇ ಈ ವಿಧಾನದ ಗುಣ.

ಒಣ ಮಂಜುಗಡ್ಡೆಯ ಹಿನ್ನೆಲೆ

ಘನ ಇಂಗಾಲದ ಡೈಆಕ್ಸೈಡನ್ನು 1835ರಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿನ ತಿಲೋರಿಯೆ. ಅದು ಮಾರಾಟದ ಸರಕಾದದ್ದು 1920ರ ದಶಕದ ಅಮೆರಿಕದಲ್ಲಿ. ‘ಡ್ರೈ ಐಸ್’ ಎಂಬುದು 1925ರಲ್ಲಿ ಒಂದು ಕಂಪನಿ ನೋಂದಾಯಿಸಿದ ವ್ಯಾಪಾರದ ಹೆಸರು. ಅದನ್ನು ಮರಳಿನ ಬದಲು ಹೊಡೆಯುವ ವಿಧಾನಕ್ಕೆ ವಿಮಾನ ತಯಾರಕ ಲಾಕ್‌ಹೀಡ್ ಕಂಪನಿಯ ಕಾಲ್ವಿನ್ ಫಾಂಗ್ 1977ರಲ್ಲಿ ಪೇಟೆಂಟ್ ಪಡೆದರು. 1980ರ ದಶಕದ ಕೊನೆಯ ಹೊತ್ತಿಗೆ ಯಂತ್ರಗಳು ಮಾರುಕಟ್ಟೆಗೆ ಬಂದು ಟೈರ್ ಅಚ್ಚು, ಬೇಕರಿ ಒಲೆ, ವಿದ್ಯುತ್ ಉಪಕರಣಗಳ ಸ್ವಚ್ಛತೆಗೆ ಬಳಕೆಯಾದವು. ಹಳೆಯ ಕಾರುಗಳವರು ಈ ಸಾಲಿನಲ್ಲಿ ತೀರ ತಡವಾಗಿ ಬಂದವರು.

ಗೊಬ್ಬರ ಕಾರ್ಖಾನೆ, ಡಿಸ್ಟಿಲರಿಗಳಲ್ಲಿ ಉಪ ಉತ್ಪನ್ನವಾಗಿ ಸಿಗುವ ಅನಿಲವನ್ನು ಒತ್ತಡದಲ್ಲಿ ದ್ರವವಾಗಿಸಿ ಒಮ್ಮೆಲೇ ಹೊರಬಿಟ್ಟರೆ ಅರ್ಧಕ್ಕೂ ಕಡಿಮೆ ಭಾಗ ಹಿಮವಾಗಿ ಉದುರುತ್ತದೆ, ಮಿಕ್ಕದ್ದು ಅನಿಲವಾಗುತ್ತದೆ. ಆ ಹಿಮವನ್ನು ಒತ್ತಿ ಅಕ್ಕಿಕಾಳಿನ ಗಾತ್ರದ, ಸುಮಾರು 3 ಮಿಲಿಮೀಟರ್ ದಪ್ಪದ ಕಾಳುಗಳನ್ನಾಗಿ ಅಥವಾ ಇಟ್ಟಿಗೆಗಳನ್ನಾಗಿ ಮಾಡುತ್ತಾರೆ. ದಾಸ್ತಾನು ಮಾಡಲು ಬರುವ ಸರಕಲ್ಲ ಇದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೂ ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ಜೊತೆಗೆ ಗಾಳಿಯ ತೇವ ಹೀರಿ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರದ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕಾರು ಬಿಚ್ಚಿ, ಮೇಲಕ್ಕೆತ್ತಿ, ಎಲ್ಲ ಸಿದ್ಧ ಮಾಡಿಕೊಂಡ ಮೇಲೆಯೇ ಡ್ರೈ ಐಸ್ ತರಿಸಬೇಕು.

ಕೊಳೆ ಬಿಡುವ ಬಗೆ

ಇಲ್ಲಿ ಮೂರು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಮೊದಲನೆಯದು ಬರಿಯ ಹೊಡೆತ. ಗಾಳಿ ಕಾಳುಗಳನ್ನು ಭಾರೀ ವೇಗಕ್ಕೆ ಏರಿಸುತ್ತದೆ. ಆದರೆ ಡ್ರೈ ಐಸ್ ಮೆತ್ತನೆಯ ವಸ್ತು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 2ರ ಒಳಗೆ, ಮರಳಿನದು 7. ಹಾಗಾಗಿ ಮರಳಿನಂತೆ ಅದು ಉಕ್ಕನ್ನು ಕೆರೆಯಲಾರದು.

ಎರಡನೆಯದು ಚಳಿ. ಡ್ರೈ ಐಸಿನ ಮೇಲ್ಮೈ ಉಷ್ಣತೆ ಶೂನ್ಯಕ್ಕಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಡಾಂಬರು, ಗ್ರೀಸು, ಮೇಣದಂಥವು ಈ ಚಳಿಯಲ್ಲಿ ಮೆತ್ತನೆಯ ಸ್ವಭಾವ ಬಿಟ್ಟು ಗಾಜಿನಂತೆ ಪೆಡಸಾಗುತ್ತವೆ. ಅಷ್ಟೇ ಅಲ್ಲದೆ ಅವು ಉಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಕುಗ್ಗುತ್ತವೆ. ಕೆಳಗಿನ ತಗಡು ಇದ್ದ ಹಾಗೇ ಇರುತ್ತದೆ, ಮೇಲಿನ ಪದರ ಸೆಟೆದುಕೊಳ್ಳುತ್ತದೆ, ನಡುವಿನ ಹಿಡಿತ ಬಿರಿಯುತ್ತದೆ.

ಬಿರುಕಿನೊಳಗೆ ನುಗ್ಗಿದ ಚೂರು ಮಾಡುವುದು ಮೂರನೆಯ ಕೆಲಸ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡಿಗೆ ದ್ರವರೂಪವಿಲ್ಲ. ದ್ರವವಾಗಬೇಕಾದರೆ ವಾತಾವರಣದ ಒತ್ತಡದ ಐದು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಆದ್ದರಿಂದ ಘನ ನೇರವಾಗಿ ಅನಿಲವಾಗುತ್ತದೆ, ಶಾಲೆಯ ಪಾಠದಲ್ಲಿ ಉತ್ಪತನ ಎಂದು ಓದಿದ್ದು ಇದನ್ನೇ. ಹಾಗಾಗುವಾಗ ಗಾತ್ರ ಸುಮಾರು 800 ಪಟ್ಟು ಹಿಗ್ಗುತ್ತದೆ, ಬಿರಿದ ಪದರವನ್ನು ಒಳಗಿನಿಂದಲೇ ಎಬ್ಬಿಸಿ ಎಸೆಯುತ್ತದೆ.

ಹೋಗುವುದು, ಉಳಿಯುವುದು

ಗ್ರೀಸು, ಗಟ್ಟಿಗಟ್ಟಿದ ಆಯಿಲ್, ಕೆಸರು, ಹಳೆಯ ಮೇಣ, ಅಂಟಿನ ಕಲೆ, ಸಡಿಲಾದ ಅಂಡರ್‌ಕೋಟಿಂಗ್ ಇವೆಲ್ಲ ಹೋಗುತ್ತವೆ. ತಗಡಿನ ಜೋಡಣೆಯ ಸಂದಿಗೆ ತುಂಬುವ ಸೀಮ್ ಸೀಲರ್ ಹಳತಾಗಿದ್ದರೆ ಬರುತ್ತದೆ, ಹಿಡಿದಿದ್ದರೆ ಉಳಿಯುತ್ತದೆ. ಗಟ್ಟಿಯಾಗಿ ಕೂತ ಕಾರ್ಖಾನೆಯ ಬಣ್ಣ, ಪ್ರೈಮರ್, ಪೌಡರ್ ಕೋಟಿಂಗ್, ಸತುವಿನ ಲೇಪ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ಮೊದಲೇ ಸುಲಿದು ನಿಂತ ಬಣ್ಣ ಮಾತ್ರ ಹಾರುತ್ತದೆ. ತುಕ್ಕಿನ ವಿಷಯದಲ್ಲೂ ಹಾಗೆಯೇ. ಹಕ್ಕಳೆ ಎದ್ದದ್ದು ಉದುರುತ್ತದೆ, ಲೋಹಕ್ಕೆ ಕಚ್ಚಿಕೊಂಡ ಕೆಂಪು ತುಕ್ಕು ಹಾಗೇ ಇರುತ್ತದೆ.

ಬರಿಯ ತಗಡಿನಿಂದ ಮತ್ತೆ ಪೇಂಟ್ ಹೊಡೆಸುವವರಿಗೆ ಇದು ತಪ್ಪು ಆಯ್ಕೆ, ಹಣ ದಂಡ. ಅಂಥವರಿಗೆ ಮರಳೋ ರಾಸಾಯನಿಕದ ತೊಟ್ಟಿಯೋ ಬೇಕು, ಅವುಗಳ ತೊಡಕಿನ ಸಮೇತ. ಒತ್ತಡ ಹೆಚ್ಚಾದರೆ ಮರಳು ತೆಳು ತಗಡನ್ನು ಸೊಟ್ಟ ಮಾಡುತ್ತದೆ, ಅದರ ಸಿಲಿಕಾ ದೂಳು ಪುಪ್ಪುಸಕ್ಕೆ ಕುತ್ತು. ಮರಳಿನ ಬದಲು ಹೊಡೆಯುವ ಸೋಡಾ ಪುಡಿ ಮೃದು, ಆದರೆ ಸಂದುಗಳಲ್ಲಿ ಉಳಿದ ಪುಡಿಯ ಮೇಲೆ ಹೊಸ ಬಣ್ಣ ಹಿಡಿಯುವುದಿಲ್ಲ.

ಪೋರ್ಷೆ 911ರ ತಳದಲ್ಲಿ

ಈ ವಿಧಾನಕ್ಕೆ ಹೇಳಿ ಮಾಡಿಸಿದ ಗಿರಾಕಿ ಏರ್‌ಕೂಲ್ಡ್ ಎಂಜಿನ್ನಿನ ಹಳೆಯ ಪೋರ್ಷೆ 911. ಅದರ ತಳಕ್ಕೆ ಕಾರ್ಖಾನೆಯಲ್ಲೇ ದಪ್ಪ ರಕ್ಷಕ ಪದರವಿತ್ತು. ಇಡೀ ಬಾಡಿಗೆ ಸತುವಿನ ಲೇಪ ಬಂದದ್ದು 1976ರ ಮಾದರಿಯಿಂದ. ಅದಕ್ಕೂ ಹಿಂದಿನ ಕಾರುಗಳಲ್ಲಿ ಕಪ್ಪು ಪದರದಡಿ ಏನಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಡ್ರೈ ಐಸ್ ಹೊಡೆದಾಗ ಕೆಲವು ಕಡೆ ಅಚ್ಚ ಹೊಸದೆನ್ನುವಂಥ ಮೂಲ ಬಣ್ಣ ಕಾಣುತ್ತದೆ, ಕೆಲವು ಕಡೆ ಯಾರೋ ಬೆಸುಗೆ ಹಾಕಿ ಮುಚ್ಚಿದ ತೇಪೆ, ಇನ್ನು ಕೆಲವು ಕಡೆ ತೂತು. ತೂತು ಮಾಡಿದ್ದು ಯಂತ್ರವಲ್ಲ, ಅದು ಮೊದಲೇ ಇತ್ತು. ಗಿರಾಕಿಗೆ ಈ ಮಾತನ್ನು ಕೆಲಸಕ್ಕೆ ಮೊದಲೇ ಹೇಳಿಬಿಡುವುದು ಜಾಣತನ.

ಎಂಜಿನ್ನಿನ ಕಾರಣವೂ ಒಂದಿದೆ. 1968ರಿಂದ 1977ರವರೆಗಿನ ಬಹುತೇಕ 911 ಎಂಜಿನ್ನುಗಳ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್ ಮಿಶ್ರಲೋಹದ್ದು. ಅದನ್ನು ಮರಳಿನಿಂದ ತೊಳೆದರೆ ಆಯಿಲ್ ಹರಿಯುವ ಸಣ್ಣ ದಾರಿಗಳಲ್ಲಿ ಉಳಿದ ಒಂದೊಂದು ಕಣವೂ ಬೇರಿಂಗಿಗೆ ಶತ್ರು. ಡ್ರೈ ಐಸ್ ಅಂಥದ್ದೇನನ್ನೂ ಬಿಟ್ಟುಹೋಗುವುದಿಲ್ಲ. ನಟ್ಟು ಬೋಲ್ಟುಗಳ ಹಳದಿ ಲೇಪ, ಜೋಡಿಸಿದ ಕೆಲಸಗಾರ ಪರೀಕ್ಷೆಯ ಗುರುತಿಗೆ ಎಳೆದ ಬಣ್ಣದ ಗೆರೆ ಎಷ್ಟೋ ಸಲ ಹಾಗೇ ಉಳಿಯುತ್ತವೆ. ಪೆಬಲ್ ಬೀಚ್‌ನಂಥ ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಮೂಲ ಸ್ಥಿತಿಯ ಕಾರುಗಳಿಗೆ ಬೇರೆ ವಿಭಾಗವೇ ಇರುವಾಗ ಇಂಥ ಗೆರೆಗಳಿಗೂ ಬೆಲೆಯಿದೆ. ಕಾಗದದ ಸ್ಟಿಕ್ಕರುಗಳ ವಿಷಯದಲ್ಲಿ ಮಾತ್ರ ಧೈರ್ಯ ಬೇಡ, ಮುಚ್ಚಿಡುವುದೇ ವಾಸಿ.

ಯಂತ್ರ ಮತ್ತು ಗಾಳಿ

ಜನ ಯಂತ್ರದ ಬೆಲೆ ವಿಚಾರಿಸುತ್ತಾರೆ, ಆದರೆ ನಿಜವಾದ ತೊಡಕು ಕಂಪ್ರೆಸರಿನದು. ಸಾಮಾನ್ಯ ಬ್ಲಾಸ್ಟಿಂಗ್ ಯಂತ್ರಗಳು ನಿಮಿಷಕ್ಕೆ 50ರಿಂದ 150 ಘನ ಅಡಿ ಗಾಳಿ ಕೇಳುತ್ತವೆ. ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್ ಕೊಡುವುದು ಸುಮಾರು 10. ಅದೂ ಒಣ ಗಾಳಿಯೇ ಆಗಬೇಕು, ತೇವವಿದ್ದರೆ ನಳಿಗೆಯಲ್ಲೇ ಮಂಜು ಕಟ್ಟುತ್ತದೆ. ಗಡ್ಡೆಯನ್ನು ಹೆರೆದು ಸಕ್ಕರೆಯಷ್ಟು ನುಣ್ಣಗೆ ಮಾಡಿ ಹೊಡೆಯುವ ಸಣ್ಣ ಯಂತ್ರಗಳಿಗೆ ಕಡಿಮೆ ಗಾಳಿ ಸಾಕು. ವೈರಿಂಗು, ಡ್ಯಾಶ್‌ಬೋರ್ಡಿನ ಸಂದು, ಸೀಟಿನ ಬಟ್ಟೆಗೆ ಅವು ಹೊಂದುತ್ತವೆ. ದಪ್ಪ ಅಂಡರ್‌ಕೋಟಿಂಗಿಗೆ ಕಾಳಿನ ಯಂತ್ರವೇ ಬೇಕು, ಅದು ಗಂಟೆಗೆ ಹತ್ತಾರು ಕಿಲೋ ನುಂಗುತ್ತದೆ.

ಯಂತ್ರವೇ ಇಲ್ಲದ ಬಡವರ ಉಪಾಯವೂ ಒಂದಿದೆ. ಕಾರಿನ ನೆಲಕ್ಕೆ ಸದ್ದು ತಗ್ಗಿಸಲು ಅಂಟಿಸಿದ ಡಾಂಬರು ಹಾಳೆಗಳ ಮೇಲೆ ಡ್ರೈ ಐಸ್ ಚೂರು ಹರಡಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಹಾಳೆ ಚೂರುಚೂರಾಗಿ ಎದ್ದುಬರುತ್ತದೆ. ಹೀಟ್ ಗನ್ ಹಿಡಿದು ಉಳಿಯಿಂದ ಒಂದು ದಿನವಿಡೀ ಕೆರೆದವರಿಗೆ ಇದರ ಸುಖ ಗೊತ್ತಾಗುತ್ತದೆ. ಓರೆಯಾದ ಮೇಲ್ಮೈಗಳಲ್ಲಿ ಚೂರು ನಿಲ್ಲುವುದಿಲ್ಲ, ಅಲ್ಲಿ ಮತ್ತೆ ಉಳಿಯೇ ಗತಿ.

ಉಸಿರಿನ ಲೆಕ್ಕ

ಮದುವೆ ವೇದಿಕೆಯಲ್ಲಿ ಹೊಗೆ ಎಬ್ಬಿಸುವ ಡ್ರೈ ಐಸ್ ನೋಡಿ ಅಭ್ಯಾಸವಾದ ನಮಗೆ ಅದರ ಅಪಾಯ ಮನಸ್ಸಿಗೆ ಬರುವುದಿಲ್ಲ. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಐಸ್‌ಕ್ರೀಂ ಸಾಗಿಸುವವರ ಕಾರಿನಲ್ಲಿದ್ದ ಡ್ರೈ ಐಸ್ ಪೆಟ್ಟಿಗೆಗಳಿಂದ ಅನಿಲ ತುಂಬಿ ಒಳಗಿದ್ದ ವೃದ್ಧೆ ತೀರಿಕೊಂಡರು. 2020ರಲ್ಲಿ ಮಾಸ್ಕೋದ ಈಜುಕೊಳದ ಪಾರ್ಟಿಯೊಂದರಲ್ಲಿ ನೀರಿಗೆ ಡ್ರೈ ಐಸ್ ಸುರಿದು ಮೂವರು ಸತ್ತರು.

ಗ್ಯಾರೇಜಿನ ಲೆಕ್ಕ ಹೀಗೆ. ಒಂದು ಕಿಲೋ ಡ್ರೈ ಐಸ್ ಅರ್ಧ ಘನ ಮೀಟರಿಗೂ ಮಿಕ್ಕ ಅನಿಲವಾಗುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಅಮೆರಿಕದಲ್ಲಿ ಒಪ್ಪಿದ ಮಿತಿ ಗಾಳಿಯಲ್ಲಿ ಶೇ 0.5. ಒಂದು ಕಾರು ನಿಲ್ಲುವ, ಸುಮಾರು 50 ಘನ ಮೀಟರಿನ ಮುಚ್ಚಿದ ಶೆಡ್ಡಿನಲ್ಲಿ ಅರ್ಧ ಕಿಲೋ ಸಾಕು ಈ ಮಿತಿ ಮುಟ್ಟಲು. ಪ್ರಾಣಾಪಾಯದ ಗೆರೆ ಎನ್ನುವ ಶೇ 4ಕ್ಕೆ ನಾಲ್ಕು ಕಿಲೋ ಸಾಕು. ಕಂಪ್ರೆಸರ್ ತಳ್ಳುವ ಗಾಳಿ ಒಂದಿಷ್ಟನ್ನು ಹೊರದೂಡುತ್ತದೆ ನಿಜ, ಆದರೆ ಅದನ್ನೇ ನಂಬಿ ಬಾಗಿಲು ಹಾಕುವಂತಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿಗೆ ಇಳಿಯುತ್ತದೆ. ಕಾರಿನ ತಳದ ಕೆಲಸ ಮಾಡುವ ಸರ್ವಿಸ್ ಪಿಟ್ ಅಂಥದ್ದೇ ತಗ್ಗು. ಪಿಟ್ಟಿನಲ್ಲಿ ನಿಂತು ಡ್ರೈ ಐಸ್ ಹೊಡೆಯಬಾರದು, ಕಾರನ್ನು ಲಿಫ್ಟಿನ ಮೇಲೆ ಎತ್ತಬೇಕು ಅಥವಾ ಬಯಲಿಗೆ ತರಬೇಕು. ದೂಳಿನ ಮಾಸ್ಕ್ ದೂಳನ್ನಷ್ಟೇ ತಡೆಯುತ್ತದೆ, ಅನಿಲವನ್ನಲ್ಲ. ಮೋಟಾರಿನ ಸದ್ದನ್ನೂ ಮೀರಿಸುವ ನಳಿಗೆಯ ಕೂಗಿಗೆ ಕಿವಿರಕ್ಷಕ, ಚಳಿಗೆ ದಪ್ಪ ಕೈಗವಸು, ಒಣ ಗಾಳಿ ಹುಟ್ಟಿಸುವ ಸ್ಥಿರ ವಿದ್ಯುತ್ತಿಗೆ ಅರ್ಥಿಂಗ್. ಪೆಟ್ರೋಲ್ ಟ್ಯಾಂಕ್ ಮೊದಲೇ ಇಳಿಸಿರಬೇಕು.

ಮಾಯವಾಗುವುದು ಡ್ರೈ ಐಸ್ ಮಾತ್ರ. ಕೊಳೆ ಗೋಡೆಗೆ, ಚಾವಣಿಗೆ, ಹೊಡೆಯುವವನ ಮುಖಕ್ಕೆ ಹೋಗಿ ಬೀಳುತ್ತದೆ. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಬ್ರೇಕ್ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಒಳ್ಳೆಯ ಶೆಡ್ಡುಗಳವರು ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿಕೊಳ್ಳುತ್ತಾರೆ.

ಮುಗಿದ ಮೇಲೆ

ತೇವವೇ ಇಲ್ಲದ ವಿಧಾನವೆಂಬುದು ಪೂರ್ತಿ ನಿಜವಲ್ಲ. ಒಂದೇ ಕಡೆ ಹೆಚ್ಚು ಹೊತ್ತು ಹೊಡೆದರೆ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮಂಗಳೂರಿನ ಮಳೆಗಾಲದಲ್ಲಾದರೆ ಕೇಳುವುದೇ ಬೇಡ, ಬರಿಯ ಉಕ್ಕು ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಕಾರುಗಳಿಗೆ ಕೊಳೆ ತೆಗೆಯದೆ ಮೇಲಿಂದ ಮೇಲೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸುವ ರೂಢಿ ಇರುವುದರಿಂದ, ಆ ಪದರ ಎದ್ದಾಗ ಕಾಣುವ ಉಕ್ಕು ಒಳ್ಳೆಯ ಸ್ಥಿತಿಯಲ್ಲಿರುವುದು ಅಪರೂಪ.

ತಗಡು ಕೋಣೆಯ ಉಷ್ಣತೆಗೆ ಮರಳಿ ಒಣಗಿದ ಕೂಡಲೇ ತುಕ್ಕಿದ್ದ ಕಡೆ ಉಜ್ಜಿ, ಅದೇ ದಿನ ಪ್ರೈಮರ್ ಹಾಕಬೇಕು. ಮೂಲ ಬಣ್ಣ ಚೆನ್ನಾಗಿ ಉಳಿದಿದ್ದರೆ ಮತ್ತೆ ಕಪ್ಪು ಡಾಂಬರು ಬಳಿಯುವ ಬದಲು ಪಾರದರ್ಶಕ ಮೇಣ ಹಾಕುವುದು ಈಗಿನ ರೂಢಿ. ಮುಂದಿನ ಸಲ ತುಕ್ಕು ಶುರುವಾದರೆ ಹೊರಗಿನಿಂದಲೇ ಕಾಣುತ್ತದೆ.