ಬಿಗ್

ಇಂಗ್ಲಿಷಿನಲ್ಲಿ ಗಾತ್ರ ಸೂಚಿಸುವ ಗುಣವಾಚಕ. ದೊಡ್ಡ ಎಂಬುದು ಇದರ ಮುಖ್ಯ ಅರ್ಥ. ವಯಸ್ಸು, ಮಹತ್ವ, ಪ್ರಭಾವ, ಔದಾರ್ಯ ಇವಕ್ಕೂ ಇದೇ ಪದ ಸಲ್ಲುತ್ತದೆ.

ಸುಮಾರು 1300ರ ವೇಳೆಗೆ ಉತ್ತರ ಇಂಗ್ಲೆಂಡಿನ ಬರಹಗಳಲ್ಲಿ ಈ ಪದ ಕಾಣಿಸಿಕೊಂಡಿತು. ಆಗ ಅದರ ಅರ್ಥ ಬಲಶಾಲಿ, ಕಟ್ಟುಮಸ್ತಾದ ಎಂದು. ಗಾತ್ರದ ಅರ್ಥ ಬಲಗೊಂಡದ್ದು ಆಮೇಲೆ. ಸ್ಕ್ಯಾಂಡಿನೇವಿಯದ ನುಡಿಗಳಿಂದ ಬಂದಿರಬಹುದೆಂಬ ಊಹೆ ಇದೆಯಾದರೂ ಮೂಲ ನಿಶ್ಚಿತವಾಗಿಲ್ಲ. ಹಳೆಯ ಇಂಗ್ಲಿಷಿನಲ್ಲಿ ದೊಡ್ಡದನ್ನು ಹೇಳಲು ಬೇರೆಯೇ ಪದವಿತ್ತು. ಇಂದಿನ ‘ಮಚ್’ ಅದರ ಸಂತತಿ. ಫ್ರೆಂಚಿನಿಂದ ಬಂದ ‘ಲಾರ್ಜ್’ ಮೊದಲು ಉದಾರಿ ಎಂಬ ಅರ್ಥದಲ್ಲಿತ್ತು.

ಇಂದು ಬಿಗ್ ಮತ್ತು ಲಾರ್ಜ್ ಎರಡಕ್ಕೂ ದೊಡ್ಡ ಎಂದೇ ಅರ್ಥ. ಆದರೂ ಒಂದರ ಜಾಗದಲ್ಲಿ ಇನ್ನೊಂದು ಎಲ್ಲೆಡೆಯೂ ಒಗ್ಗುವುದಿಲ್ಲ. ಲಾರ್ಜ್ ಅಳತೆಯ ಪದ, ಬರಹದ ಗಾಂಭೀರ್ಯದ್ದು. ಸಂಖ್ಯೆ, ಮೊತ್ತ, ಪ್ರಮಾಣಗಳ ಜೊತೆ ಅದೇ ಸಹಜ. ಬಿಗ್ ಆಡುಮಾತಿನದು, ಭಾವ ಬೆರೆತದ್ದು. ತಪ್ಪು, ತೀರ್ಮಾನ, ಕನಸು ಇವುಗಳಿಗೆ ಬಿಗ್ ಹೊಂದುತ್ತದೆ, ಲಾರ್ಜ್ ಹೊಂದುವುದಿಲ್ಲ. ‘ಬಿಗ್ ಸಿಸ್ಟರ್’ ಎಂದರೆ ಅಕ್ಕ. ‘ಲಾರ್ಜ್ ಸಿಸ್ಟರ್’ ಎಂದರೆ ಆಕೆಯ ಮೈಗಾತ್ರದ ಮಾತಾಗಿ ನೋಯಿಸುತ್ತದೆ. ಸಂತೋಷ, ಗೌರವದಂಥ ಭಾವಗಳಿಗೆ ‘ಗ್ರೇಟ್’ ಬೇಕು.

ಕನ್ನಡ ಬಲ್ಲವರಿಗೆ ಇದರಲ್ಲಿ ಅರ್ಧ ದಾರಿ ಸಲೀಸು. ದೊಡ್ಡಪ್ಪ, ದೊಡ್ಡಮ್ಮ ಎನ್ನುವಾಗ ನಾವೂ ಹಿರಿತನವನ್ನು ಗಾತ್ರದ ಪದದಿಂದಲೇ ಹೇಳುತ್ತೇವೆ. ‘ದೊಡ್ಡ ಮನಸ್ಸು’ ಇಂಗ್ಲಿಷಿನಲ್ಲಿ ‘ಬಿಗ್ ಹಾರ್ಟ್’. ಎಡವುವುದು ಉಳಿದರ್ಧದಲ್ಲಿ. ದೊಡ್ಡ ಮಳೆ ಅಲ್ಲಿ ‘ಹೆವಿ ರೇನ್’, ದೊಡ್ಡ ದನಿ ‘ಲೌಡ್ ವಾಯ್ಸ್’. ಶಾಲೆಯ ವ್ಯಾಕರಣ ಪುಸ್ತಕಗಳು ಪದದ ಅರ್ಥ ಕೊಟ್ಟು ಸುಮ್ಮನಾಗುವುದು ಸಾಲದು. ಯಾವ ನಾಮಪದದ ಜೊತೆ ಯಾವ ವಿಶೇಷಣ ಎಂಬುದನ್ನೂ ಕಲಿಸಬೇಕು.

ಪದಕ್ರಮದಲ್ಲಿ ಗಾತ್ರ ಬಣ್ಣಕ್ಕಿಂತ ಮುಂದೆ: ‘ಬಿಗ್ ರೆಡ್ ಬಾಲ್’ ಸರಿ, ‘ರೆಡ್ ಬಿಗ್ ಬಾಲ್’ ಕಿವಿಗೆ ಒರಟು. ಅಭಿಪ್ರಾಯದ ಪದ ಸಾಮಾನ್ಯವಾಗಿ ಗಾತ್ರಕ್ಕೂ ಮುಂದೆ ಬರುತ್ತದೆ. ಮಕ್ಕಳ ಕಥೆಯ ‘ಬಿಗ್ ಬ್ಯಾಡ್ ವುಲ್ಫ್’ ಪ್ರಸಿದ್ಧ ಅಪವಾದ. ‘ಥಿಂಕ್ ಬಿಗ್’, ‘ಟಾಕ್ ಬಿಗ್’ ಎನ್ನುವಲ್ಲಿ ಇದು ಕ್ರಿಯಾವಿಶೇಷಣ. ಎರಡನೆಯದರ ಅರ್ಥ ಬಡಾಯಿ ಕೊಚ್ಚುವುದು.

ಈ ಪದ ಸೇರಿ ಹುಟ್ಟಿದ ಹೆಸರುಗಳು ಹಲವು. ಲಂಡನ್ನಿನ ‘ಬಿಗ್ ಬೆನ್’ ಗಂಟೆ 1859ರಿಂದ ಬಾರಿಸುತ್ತಿದೆ. ವಿಶ್ವದ ಉಗಮವನ್ನು ಹೇಳುವ ‘ಬಿಗ್ ಬ್ಯಾಂಗ್’ ಎಂಬ ಹೆಸರನ್ನು 1949ರ ಬಿಬಿಸಿ ಬಾನುಲಿ ಭಾಷಣದಲ್ಲಿ ಬಳಸಿದವರು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್. ಆ ಸಿದ್ಧಾಂತವನ್ನು ಅವರೇ ಒಪ್ಪಿರಲಿಲ್ಲ. ಅದೇ ವರ್ಷ ಪ್ರಕಟವಾದ ಜಾರ್ಜ್ ಆರ್ವೆಲ್ ಕಾದಂಬರಿ ‘ನೈನ್‌ಟೀನ್ ಎಯ್ಟಿಫೋರ್’ನ ‘ಬಿಗ್ ಬ್ರದರ್’ ಪ್ರಜೆಗಳ ಮೇಲೆ ಸದಾ ಕಣ್ಣಿಡುವ ಪ್ರಭುತ್ವದ ಹೆಸರಾಗಿ ನಿಂತಿತು. ನೆದರ್‌ಲೆಂಡ್ಸ್‌ನಲ್ಲಿ 1999ರಲ್ಲಿ ಅದೇ ಹೆಸರಿನ ಟಿ.ವಿ. ಕಾರ್ಯಕ್ರಮ ಶುರುವಾಯಿತು. ಅದರ ಭಾರತೀಯ ರೂಪ ‘ಬಿಗ್ ಬಾಸ್’ ಕನ್ನಡಕ್ಕೆ ಬಂದದ್ದು 2013ರಲ್ಲಿ.

ಆ ಕಾರ್ಯಕ್ರಮದ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಎರಡು ‘ಜಿ’ ಹಾಕಿ ಬರೆಯುತ್ತಾರೆ. ನಿಘಂಟಿನ ಕಾಗುಣಿತದಲ್ಲಿ ಇರುವುದು ಒಂದೇ ‘ಜಿ’. ‘ಬಿಗ್ಗರ್’, ‘ಬಿಗ್ಗೆಸ್ಟ್’ನಂಥ ರೂಪಗಳಲ್ಲಿ ಅದು ಇಮ್ಮಡಿಯಾಗುತ್ತದೆ.