ತಾಮ್ರಪಟದಿಂದ ಇಮೇಲ್‌ವರೆಗೆ: ಕಳಿಸಿದ್ದು ನಿಜವಾಗ್ಲೂ ಅವರೇನಾ?

ಗೆಳೆಯರೇ, ಮೊದಲು ಒಂದು ಸಣ್ಣ ಪ್ರಶ್ನೆ. 1950ರ ತಾರೀಖು ಹಾಕಿರೋ ಒಂದು ಜಮೀನು ಪತ್ರ ಸಿಕ್ತು ಅಂದ್ಕೊಳ್ಳಿ. ಅದರಲ್ಲಿ ‘ಚಾಮರಾಜನಗರ ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು, ಧನಗೆರೆ ಗ್ರಾಮ’ ಅಂತಿದೆ. ಅಸಲಿಯಾ, ನಕಲಿಯಾ?

ನಕಲಿ! 1956ರ ನವೆಂಬರ್ 1ರ ತನಕ ನಮ್ಮ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು. ಚಾಮರಾಜನಗರ ಜಿಲ್ಲೆ ಆಗಿದ್ದೇ 1997ರಲ್ಲಿ. ಸಹಿ ಎಷ್ಟೇ ಚೆನ್ನಾಗಿರಲಿ, ಮೊಹರು ಎಷ್ಟೇ ದೊಡ್ಡದಿರಲಿ, ದಾಖಲೆ ತಾನೇ ಹೇಳಿಕೊಳ್ಳೋ ಮಾತಿಗೆ ಹೊಂದಿಲ್ಲ ಅಂದ್ರೆ ಸಿಕ್ಕಿಬಿತ್ತು ಅಂತಲೇ ಅರ್ಥ.

ಇತಿಹಾಸಕಾರರು ಈ ಕೆಲಸವನ್ನ ಬಹಳ ಹಿಂದಿನಿಂದ ಮಾಡ್ತಿದ್ದಾರೆ. ನಮ್ಮ ಪಕ್ಕದ ತಲಕಾಡನ್ನೇ ತಗೊಳ್ಳಿ. ಅಲ್ಲಿಂದ ಆಳಿದ ಗಂಗರು ದಾನ ಕೊಟ್ಟಾಗ ತಾಮ್ರದ ಹಲಗೆಗಳ ಮೇಲೆ ಬರೆಸಿ, ಬಳೆಯಲ್ಲಿ ಪೋಣಿಸಿ, ಆನೆಯ ಮುದ್ರೆ ಒತ್ತಿಸ್ತಿದ್ರು. ಆ ಮುದ್ರೆಯೇ ‘ಇದು ಅರಸನಿಂದ ಬಂದದ್ದು’ ಅನ್ನೋ ಪುರಾವೆ. ಆದ್ರೆ ಭೂಮಿ ಆಸೆಗೆ ಮುದ್ರೆಯನ್ನೂ ನಕಲು ಮಾಡಿದವರಿದ್ರು.

ಮಡಿಕೇರಿಯಲ್ಲಿ ಸಿಕ್ಕ ಅವಿನೀತನ ಹೆಸರಿನ ತಾಮ್ರಪಟ ನೋಡಿ. ತಲಕಾಡಿನ ಜಿನಾಲಯಕ್ಕೆ ಬದನೆಗುಪ್ಪೆ ಗ್ರಾಮ ಕೊಟ್ಟ ದಾಖಲೆ ಅದು. ಹೌದು, ಈಗ ಚಾಮರಾಜನಗರ ತಾಲ್ಲೂಕಿನಲ್ಲಿರೋ ಅದೇ ಊರು! ಅದರಲ್ಲಿರೋ 388ನ್ನ ಶಕವರ್ಷ ಅಂತ ಹಿಡಿದ್ರೆ ಕ್ರಿ.ಶ. 466 ಆಗುತ್ತೆ. ಅಕ್ಷರಗಳ ರೂಪ ಮಾತ್ರ ಶತಮಾನಗಳಷ್ಟು ಈಚಿನದು. ಹಾಗಾಗಿ ಹಲವು ವಿದ್ವಾಂಸರು ಅದನ್ನ ಮೂಲ ಅಂತ ಒಪ್ಪಲಿಲ್ಲ. ಜೆ. ಎಫ್. ಫ್ಲೀಟ್ 1901ರಲ್ಲಿ ಇಂಥ ಕೂಟಶಾಸನಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದ್ರು.

ಈಗ ನಿಮ್ಮ ಫೋನಿಗೆ ಬನ್ನಿ 📱

ಇಮೇಲ್ ಹೋಗೋ ದಾರಿಯ ನಿಯಮ, ಅಂದ್ರೆ ಎಸ್‌ಎಂಟಿಪಿ, 1982ರಲ್ಲಿ ಜಾನ್ ಪೋಸ್ಟೆಲ್ ಬರೆದದ್ದು. ಆಗ ಜಾಲದಲ್ಲಿದ್ದವರು ಒಬ್ಬರಿಗೊಬ್ಬರು ಪರಿಚಯದವರೇ. ಹಾಗಾಗಿ ‘ಇಂದ’ ಅನ್ನೋ ಜಾಗದಲ್ಲಿ ಯಾರ ಹೆಸರು ಬರೆದ್ರೂ ಕೇಳೋರಿರ್ಲಿಲ್ಲ. ಮುದ್ರೆಯೇ ಇಲ್ಲದ ತಾಮ್ರಪಟ ಅದು! ಇದನ್ನ ಸರಿಮಾಡೋಕೆ ಸುಮಾರು ಮೂವತ್ತು ವರ್ಷ ಹಿಡೀತು. ಬಂದದ್ದು ಮೂರು ಬೀಗ:

1️⃣ ಎಸ್‌ಪಿಎಫ್ (2006): ನಮ್ಮ ಡೊಮೈನ್ ಹೆಸರಲ್ಲಿ ಯಾವ ಸರ್ವರ್‌ಗಳು ಪತ್ರ ಒಯ್ಯಬಹುದು ಅನ್ನೋ ಪಟ್ಟಿ. ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿರ್ತಾರೆ.

2️⃣ ಡಿಕಿಮ್ (2007): ಪತ್ರದ ಮೇಲೆ ಗಣಿತದ ಮುದ್ರೆ. ದಾರಿಯಲ್ಲಿ ಯಾರಾದ್ರೂ ತಿದ್ದಿದ್ರೆ ಮುದ್ರೆ ಒಡೆಯುತ್ತೆ.

3️⃣ ಡಿಮಾರ್ಕ್ (2012ರಲ್ಲಿ ಘೋಷಣೆ): ಕಣ್ಣಿಗೆ ಕಾಣೋ ಹೆಸರೂ ಮೇಲಿನ ಎರಡರಲ್ಲಿ ಒಂದಾದ್ರೂ ಹೊಂದಬೇಕು. ಹೊಂದದಿದ್ರೆ ಏನು ಮಾಡಬೇಕು ಅಂತ ಡೊಮೈನ್ ಮಾಲೀಕರು ಕೊಡೋ ಆಜ್ಞೆ.

ಬೀಗ ಇದ್ರೆ ಸಾಲದು, ಗಟ್ಟಿ ಇರಬೇಕು. 2011ರ ಕೊನೆಗೆ ಅಮೆರಿಕದ ಗಣಿತಜ್ಞ ಜಾಕರಿ ಹ್ಯಾರಿಸ್‌ಗೆ ಗೂಗಲ್‌ನಿಂದ ಕೆಲಸದ ಬಗ್ಗೆ ಒಂದು ಮೇಲ್ ಬಂತು. ಅಸಲಿಯಾ ಅಂತ ಪರೀಕ್ಷಿಸಿದ್ರೆ ಡಿಕಿಮ್ ಕೀಲಿ ಬರೀ 512 ಬಿಟ್! ಕನಿಷ್ಠ 1024 ಇರಬೇಕಿತ್ತು. ಇದು ತನ್ನ ಜಾಣ್ಮೆ ನೋಡೋಕೆ ಇಟ್ಟ ಪರೀಕ್ಷೆ ಅಂದ್ಕೊಂಡ ಹ್ಯಾರಿಸ್ ಕೀಲಿ ಒಡೆದು, ಗೂಗಲ್ ಸ್ಥಾಪಕರ ಹೆಸರಲ್ಲೇ ಸ್ಥಾಪಕರಿಗೆ ಮೇಲ್ ಕಳಿಸಿದ್ರು 😄 ಉತ್ತರ ಬರಲಿಲ್ಲ. ಆದ್ರೆ ಕೆಲವೇ ದಿನದಲ್ಲಿ ಕೀಲಿ 2048 ಬಿಟ್ ಆಗಿತ್ತು.

ಹಾಗಾದ್ರೆ ಒಂದು ಡೊಮೈನ್‌ನ ದಾಖಲೆ ನೋಡುವಾಗ ಏನೇನು ಹುಡುಕಬೇಕು? ಕಂಪ್ಯೂಟರ್‌ನಲ್ಲಿ ‘ಎನ್‌ಎಸ್‌ಲುಕಪ್’ ಆಜ್ಞೆಯಿಂದ ಟಿಎಕ್ಸ್‌ಟಿ ದಾಖಲೆ ಕೇಳಿ. ಯಾರ ಅನುಮತಿಯೂ ಬೇಡ, ಇದು ಊರ ಮುಂದಿನ ಶಿಲಾಶಾಸನದ ಹಾಗೆ.

🔎 ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ರೆ ಎರಡೂ ದಂಡ.
🔎 ಅದು 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಮಾಡಿಸಿದ್ರೆ ಪರೀಕ್ಷೆಯೇ ಕೆಟ್ಟುಹೋಗುತ್ತೆ.
🔎 ಕೊನೆಯಲ್ಲಿ ‘ಪ್ಲಸ್ ಆಲ್’ ಇದ್ರೆ ಬಾಗಿಲು ತೆಗೆದಿಟ್ಟು ಕಾವಲುಗಾರನನ್ನ ನಿಲ್ಲಿಸಿದ ಹಾಗೆ.
🔎 ಬಿಟ್ಟುಹೋದ ಹಳೆಯ ಕಂಪನಿಯ ಸರ್ವರ್ ಇನ್ನೂ ಪಟ್ಟಿಯಲ್ಲಿದೆಯಾ? 1956 ಆದ್ಮೇಲೂ ಕೊಯಮತ್ತೂರು ವಿಳಾಸ ಬರೆದ ಹಾಗಾಯ್ತು.
🔎 ಡಿಮಾರ್ಕ್‌ನಲ್ಲಿ ‘ನನ್’ ಅಂತಿದ್ರೆ ವರದಿ ಬರುತ್ತೆ, ತಡೆ ಇಲ್ಲ. ‘ಕ್ವಾರಂಟೈನ್’ ಅಂದ್ರೆ ಸ್ಪ್ಯಾಮ್‌ಗೆ, ‘ರಿಜೆಕ್ಟ್’ ಅಂದ್ರೆ ವಾಪಸ್.

ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸೋರಿಗೆ 2024ರ ಫೆಬ್ರವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ.

ಇದೆಲ್ಲಾ ನಮಗ್ಯಾಕೆ ಅಂತೀರಾ? ಡಿಗ್ರಿ ಮುಗಿಸಿ ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕಿರೋರು ನಾವೇ ಅಲ್ವಾ. ‘ಆಯ್ಕೆ ಆಗಿದ್ದೀರಿ, ಠೇವಣಿ ಕಟ್ಟಿ’ ಅನ್ನೋ ಮೇಲ್ ಬಂದ್ರೆ ಅಪ್ಪ ರೇಷ್ಮೆಗೂಡು ಮಾರಿದ ದುಡ್ಡು ಹೋಗಬಹುದು. ಕಟ್ಟೋ ಮುಂಚೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆಗೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ನೋಡಿ. ಮೂರು ಬೀಗದ ಫಲಿತಾಂಶ ಅಲ್ಲೇ ಇರುತ್ತೆ.

ಒಂದು ಎಚ್ಚರಿಕೆ ಮಾತ್ರ. ಮೂರೂ ‘ಪಾಸ್’ ಅಂದ್ರೆ ಆ ಡೊಮೈನ್‌ನಿಂದಲೇ ಬಂದಿದೆ ಅಂತ ಅಷ್ಟೇ. ಕಳಿಸಿದವರು ಸಾಚಾ ಅಂತಲ್ಲ. ಒಂದಕ್ಷರ ಬದಲಿಸಿ ಹೊಸ ಡೊಮೈನ್ ಕೊಂಡ ಕಳ್ಳನಿಗೂ ಪಾಸ್ ಸಿಗುತ್ತೆ. ಮುದ್ರೆ ನೋಡಿ, ಆಮೇಲೆ ಅಕ್ಷರಾನೂ ಓದಿ. ತಾಮ್ರಪಟ ಓದೋರು ಮಾಡಿದ್ದೂ ಅದೇ ಕನ್ರಪ್ಪ.

ಕೆಲಸ ಹುಡುಕ್ತಿರೋ ಗೆಳೆಯರಿಗೆ ಇದನ್ನ ಕಳಿಸಿ 🙏

#ಧನಗೆರೆ #ಕೊಳ್ಳೇಗಾಲ #ತಲಕಾಡು #ನಮ್ಮಇತಿಹಾಸ